ಕೇಶವನ ಎರಡು ಬಾವುಟ

ಕೇಶವನಿಗೆ ಹೊಟ್ಟೆಕಿಚ್ಚು ಹತ್ತಿದ್ದು ವ್ಯಾನಿನ ಮುಂದಿನ ಸೀಟಿನಿಂದ. ಬಾಗಿಲು ಸರಿಯಾಗಿ ಹಾಕಲು ಬಾರದ ಹಳೆಯ ವ್ಯಾನು, ಡ್ರೈವರ್ ಪಕ್ಕದ ಒಂದು ಸೀಟು, ಅಷ್ಟೇ. ನಗಬೇಡಿ. ಜೀಪಿನ ಮುಂದಿನ ಸೀಟಿಗಾಗಿ ಸಂಘಟನೆಗಳೇ ಎರಡು ಹೋಳಾದದ್ದನ್ನು ನಾನು ಕಂಡಿದ್ದೇನೆ.

ಮಂಡ್ಯ ಕಡೆಯ ಕೇಶವ ಹೆಂಡತಿ ರೇಣುಕಾಳ ಜೊತೆ ಸಿಂಗಪುರದ ಯಿಶುನ್‌ನಲ್ಲಿದ್ದ. ಚಿಪ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿನ ಮ್ಯಾನೇಜರ್ ಗ್ರೆಗ್ ಎಂಬ ಆಸ್ಟ್ರೇಲಿಯಾದವನು ತನ್ನ ದೇಶದ ಫುಟ್‌ಬಾಲ್ ಆಡಲು ಸೆಂಬವಾಂಗ್ ಪೆಲಿಕನ್ಸ್ ಎಂಬ ಕ್ಲಬ್ಬು ಕಟ್ಟಿದ್ದ. ನಾವು ತಿಳಿದ ಫುಟ್‌ಬಾಲ್ ಅಲ್ಲ ಅದು. ಮೊಟ್ಟೆಯಾಕಾರದ ಚೆಂಡು. ಒದೆಯಬಹುದು, ಹಿಡಿದು ಓಡಬಹುದು, ಎದುರಾಳಿಯ ಬೆನ್ನಿಗೆ ಮಂಡಿ ಊರಿ ಮೇಲಕ್ಕೆ ಹಾರಬಹುದು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಪಾಯಿಂಟು. ಅವುಗಳ ಅಕ್ಕಪಕ್ಕದ ಗಿಡ್ಡ ಕಂಬಗಳ ಸಂದಿಯಲ್ಲಿ ಹೋದರೆ ಒಂದೇ ಪಾಯಿಂಟು. ನಡುವೆಯೇ ಹೋದರೂ ಕಂಬಕ್ಕೆ ಚೂರು ಸವರಿದರೆ ಅದೂ ಒಂದೇ.

ಇದನ್ನು ತೀರ್ಮಾನಿಸುವವನು ಕಂಬಗಳ ಹತ್ತಿರ ಬಿಳಿ ಕೋಟು ಹಾಕಿ ನಿಂತ ಗೋಲ್ ಅಂಪೈರ್. ಇಂಥ ಕ್ಲಬ್ಬುಗಳ ಆಟದಲ್ಲಿ ಒಂದೊಂದು ತಂಡವೂ ಒಬ್ಬೊಬ್ಬನನ್ನು ಕೊಡಬೇಕು. ಒಬ್ಬ ಈ ತುದಿಗೆ, ಒಬ್ಬ ಆ ತುದಿಗೆ. ಗೋಲಾದರೆ ಎರಡು ಬೆರಳು ಚಾಚಿ ಎರಡು ಬಾವುಟ ಬೀಸಬೇಕು. ಒಂದೇ ಪಾಯಿಂಟಾದರೆ ಒಂದು ಬೆರಳು, ಒಂದು ಬಾವುಟ. ಆ ತುದಿಯವನಿಗೆ ಅಷ್ಟು ದೂರದಿಂದ ಚೆಂಡು ಎಲ್ಲಿ ಹೋಯಿತೆಂದು ಕಾಣುವುದಿಲ್ಲ. ಆದರೂ ಈ ತುದಿಯವನು ಎಷ್ಟು ಬೀಸಿದನೋ ಅಷ್ಟೇ ಬಾವುಟ ಬೀಸಿ ಒಪ್ಪುತ್ತಾನೆ. ನೋಡದೆ ನಂಬುವುದೇ ಅವನ ಕೆಲಸ.

ಓಡಿದರೆ ಏದುಸಿರು ಬಿಡುವ ಕೇಶವನಿಗೆ ಒಂದು ಭಾನುವಾರ ಯಾರೂ ಸಿಗದೆ ಗ್ರೆಗ್ ಆ ಕೋಟು ತೊಡಿಸಿದ. ಅದರ ಹುಚ್ಚು ಅವನಿಗೆ ಹತ್ತಿಕೊಂಡಿತು. ಊರಿನಲ್ಲಿ ಹಾಲಿನ ಡೈರಿಯ ಮೆಂಬರ್ ಕೂಡ ಆಗದವನ ಬೆರಳಿಗಾಗಿ ಅಷ್ಟೆಲ್ಲ ಬಿಳಿಯರು ಉಸಿರು ಬಿಗಿಹಿಡಿದು ಕಾಯುವುದು ಎಂದರೆ ಸುಮ್ಮನೆಯೇ? ಕೋಟನ್ನು ರೇಣುಕಾಳಿಗೂ ಕೊಡದೆ ತಾನೇ ಒಗೆದು ನೀಲಿ ಹಾಕುತ್ತಿದ್ದ. ಎಲ್ಲರೂ ಅವನನ್ನು ‘ಕೇಶ್’ ಎನ್ನುತ್ತಿದ್ದರು. ಮೈದಾನಕ್ಕೆ ಹೋಗುವಾಗ ವ್ಯಾನು ಓಡಿಸುವ ಗ್ರೆಗ್ ಪಕ್ಕದ ಸೀಟು ಅವನದೇ.

2007ರಲ್ಲಿ ಪ್ರತಾಪ ಬಂದ. ಮೈಸೂರಿನವನು, ಬ್ಯಾಂಕಿನ ಕೆಲಸ, ಈಜುಕೊಳವಿದ್ದ ದುಬಾರಿ ಕಾಂಡೋ ಫ್ಲ್ಯಾಟಿನಲ್ಲಿ ಒಂಟಿ ವಾಸ. ಆ ವರ್ಷ ಬ್ಯಾಂಕುಗಳಲ್ಲಿ ದುಡ್ಡು ಉಕ್ಕುತ್ತಿತ್ತು, ಹುಡುಗರ ಎದೆಯೂ ಉಕ್ಕುತ್ತಿತ್ತು. ಲಿಟಲ್ ಇಂಡಿಯಾದ ಅಂಗಡಿಯೊಂದರಲ್ಲಿ ರಾಗಿಹಿಟ್ಟು ಹುಡುಕುತ್ತಿದ್ದವನನ್ನು ಕೇಶವನೇ ಮಾತಾಡಿಸಿದ್ದು. ಹುಡುಗ ಕಾಲೇಜಿನಲ್ಲಿ ವಾಲಿಬಾಲ್ ಆಡಿದ್ದ ಎಂದು ಗೊತ್ತಾಯಿತು.

“ಸಂಡೇ ಒಬ್ನೇ ಕೂತ್ಕೊಂಡು ಏನ್ ಮಾಡ್ತೀಯಪ್ಪಾ? ನಮ್ ಕ್ಲಬ್ಬಿಗೆ ಬಾ.”

ಬಂದ. ಮೊದಲ ದಿನವೇ ಒಬ್ಬ ದಾಂಡಿಗ ಬಿಳಿಯನ ತಲೆಯ ಮೇಲೆ ಹಾರಿ ಚೆಂಡನ್ನು ಹಲಸಿನಹಣ್ಣು ಕಿತ್ತ ಹಾಗೆ ಕಿತ್ತುಕೊಂಡ. ಗ್ರೆಗ್ ಹುಚ್ಚನಂತೆ ಕುಣಿದ. ಮುಂದಿನ ಭಾನುವಾರ ವ್ಯಾನು ಬಂದಾಗ ಪ್ರತಾಪ ಮುಂದೆ ಕೂತಿದ್ದ.

“ಸಾರಿ ಅಂಕಲ್, ನನ್ ಕಾಲು ಉದ್ದ, ಹಿಂದೆ ಫಿಟ್ ಆಗಲ್ಲ. ಅಡ್ಜಸ್ಟ್ ಮಾಡ್ಕೊಳ್ಳಿ.”

ಹಿಂದಿನ ಸೀಟಿನಲ್ಲಿ ಬೆವರು ನಾರುವ ಬೂಟುಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಕೇಶವ ಅಡ್ಜಸ್ಟ್ ಮಾಡಿಕೊಂಡ. ಸೀಟಿನ ಜೊತೆ ಹೆಸರೂ ಹೋಯಿತು. ಪ್ರತಾಪ ‘ಅಂಕಲ್’ ಎಂದದ್ದನ್ನು ಕೇಳಿ ಇಡೀ ತಂಡ ಅಂಕಲ್ ಎನ್ನತೊಡಗಿತು. ತಿಂಗಳೊಳಗೆ ‘ಕೇಶ್’ ಎನ್ನುವವರೇ ಇಲ್ಲ. ಅವನಿಗಿಂತ ವಯಸ್ಸಾದ ಗ್ರೆಗ್ ಕೂಡ ಅಂಕಲ್ ಎಂದ.

ಸೀಸನ್ನು ಏರಿದ ಹಾಗೆ ಕಿಚ್ಚೂ ಏರಿತು. ಪೆಲಿಕನ್ಸ್ ಗೆದ್ದಾಗಲೆಲ್ಲ ಪ್ರತಾಪ ಗೋಲು ಹೊಡೆದಿರುತ್ತಿದ್ದ. ಹೊಡೆದಾಗಲೆಲ್ಲ ಬಾವುಟ ಬೀಸುವ ಕರ್ಮ ಕೇಶವನದು. ಮನೆಯಲ್ಲೂ ಪ್ರತಾಪನದೇ ಜಪ. ರೇಣುಕಾ ತಂಡಕ್ಕೆಂದು ಚಿತ್ರಾನ್ನ ಕಟ್ಟುವಾಗ ಹೆಚ್ಚು ಗೋಡಂಬಿ ಹಾಕಿ ಒಂದು ಬೇರೆ ಡಬ್ಬಿ ತೆಗೆದಿಟ್ಟಳು.

“ಇದ್ಯಾರಿಗೆ?”

“ಪ್ರತಾಪಂಗೆ. ಪಾಪ, ಒಬ್ನೇ ಇರೋದು, ಅಷ್ಟು ಓಡ್ತಾನೆ.”

“ನಾನೇನು ಅಲ್ಲಿ ಮಲ್ಕೊಂಡಿರ್ತೀನಾ?”

“ನಿಂತಿರ್ತೀರಲ್ಲ,” ಎಂದಳು ರೇಣುಕಾ. “ನಿಂತ್ಕೊಳ್ಳೋಕೆ ಎಷ್ಟು ಗೋಡಂಬಿ ಬೇಕು?”

ಆ ಡಬ್ಬಿಯ ಗೋಡಂಬಿಯನ್ನೆಲ್ಲ ಕೇಶವ ಲಿಫ್ಟಿನಲ್ಲೇ ಆರಿಸಿ ತಿಂದ.

ಸೆಮಿಫೈನಲ್ ಗೆದ್ದ ಮೇಲೆ ಎಲ್ಲರೂ ಲಿಟಲ್ ಇಂಡಿಯಾದ ಹೋಟೆಲಿನಲ್ಲಿ ಬಾಳೆಎಲೆ ಊಟಕ್ಕೆ ಕೂತರು. ಬಿಯರ್ ಹೊಟ್ಟೆಗೆ ಹೋಗಿತ್ತು. ಎಲ್ಲರಿಗೂ ತಿಳಿಯಲೆಂದು ಪ್ರತಾಪ ಇಂಗ್ಲಿಷಿನಲ್ಲೇ ಹೇಳಿದ: ಬೇರೆಯವರ ಗೋಲಿಗೆ ಅಂಕಲ್ ಕೈ ಪಟ್ಟನೆ ಏಳುತ್ತದೆ, ನನ್ನ ಗೋಲಿಗೆ ಮಾತ್ರ ವಾತ ಹಿಡಿಯುತ್ತದೆ. ಮೇಜು ಕುಟ್ಟಿ ಎಲ್ಲರೂ ನಕ್ಕರು. ಗ್ರೆಗ್ ವಾತ ಹಿಡಿದ ಕೈಯನ್ನು ನಟಿಸಿಯೂ ತೋರಿಸಿದ. ಆಮೇಲೆ, ಫೈನಲ್‌ನಲ್ಲಿ ಹಾಗೆ ಮಾಡಬೇಡಪ್ಪ ಎಂದು ಕಣ್ಣು ಮಿಟುಕಿಸಿದ.

ಕೇಶವನೂ ನಕ್ಕ. ಎಲೆ ಮಡಚಿ ಎಲ್ಲರಿಗಿಂತ ಮೊದಲು ಕೈತೊಳೆಯಲು ಎದ್ದ. ಏಕೆಂದರೆ ಅದು ನಿಜವಾಗಿತ್ತು.

ಫೈನಲ್ ನಡೆದದ್ದು ಚೋವಾ ಚು ಕಾಂಗ್ ಕಡೆಯ ಮೈದಾನದಲ್ಲಿ, ಬ್ಯಾಂಕಾಕಿನಿಂದ ಬಂದ ತಂಡದ ಮೇಲೆ. ಕೊನೆಯ ಗಳಿಗೆಯಲ್ಲಿ ಪೆಲಿಕನ್ಸ್ ನಾಲ್ಕು ಪಾಯಿಂಟು ಹಿಂದೆ. ಕೇಶವ ನಿಂತ ತುದಿಯಲ್ಲೇ ಪ್ರತಾಪ ಹಾರಿ ಚೆಂಡು ಹಿಡಿದ. ಹಾಗೆ ಹಿಡಿದವನಿಗೆ ಯಾರೂ ಅಡ್ಡ ಬರದಂತೆ ಒದೆಯುವ ಹಕ್ಕಿದೆ. ಆರು ಬಂದರೆ ಗೆಲುವು, ಒಂದು ಬಂದರೆ ಸೋಲು.

ಪ್ರತಾಪ ಒದ್ದ. ಚೆಂಡು ತಿರುಗುತ್ತ ಬಂತು, ಕೇಶವನ ಬಲಗಡೆಯ ಕಂಬಕ್ಕೆ ಸವರಿ ಒಳಗೆ ಹೋಯಿತು. ಟಪ್ ಎಂದದ್ದು ಅವನ ಕಿವಿಗೆ ಬಿತ್ತು.

ಆಗ ಅವನ ಹೊಟ್ಟೆಯೊಳಗೆ ತಣ್ಣಗೆ ಮಜ್ಜಿಗೆ ಇಳಿದಷ್ಟು ಸುಖವಾಯಿತು. ಸತ್ತ ನನ್ಮಗ ಎಂದುಕೊಂಡ. ಒಂದು ಬೆರಳು ಸಾಕು. ಸೀಸನ್ನಿನ ಮೆರವಣಿಗೆಯೆಲ್ಲ ಅಲ್ಲಿಗೆ ಮಣ್ಣು. ಆದರೆ ಆ ಸುಖವೇ ಅವನನ್ನು ಹೆದರಿಸಿತು. ಕೇಳಿಸಿದ್ದು ನಿಜವೋ, ಕೇಳಬೇಕೆಂಬ ಆಸೆಯೋ? ತಲೆಯೆತ್ತಿದರೆ ಗ್ರೆಗ್, ಆಟಗಾರರು, ಬಿಯರ್ ಹಿಡಿದ ಹೆಂಡಂದಿರು, ಎಲ್ಲರ ಕಣ್ಣೂ ಅವನ ಕೈಯ ಮೇಲೆ. ಹೋಟೆಲಿನ ನಗು ಕಿವಿಯಲ್ಲಿ ತುಂಬಿತು. ಒಂದು ಬೆರಳು ಎತ್ತಿದರೆ, ನೋಡಿ, ಅಂಕಲ್ ಹೊಟ್ಟೆಕಿಚ್ಚಿಗೆ ಕೊಂದ ಎನ್ನುತ್ತಾರೆ.

ಎರಡು ಬೆರಳು ಚಾಚಿದ. ಎರಡು ಬಾವುಟ ಬೀಸಿದ. ಕೈ ಪಟ್ಟನೆ ಎದ್ದಿತ್ತು.

ಆ ತುದಿಯಲ್ಲಿ ಬ್ಯಾಂಕಾಕಿನವರ ಅಂಪೈರ್, ಬೋಳುತಲೆಯ ಮುದುಕ, ತನ್ನ ತಂಡ ಸೋಲುವುದು ಗೊತ್ತಿದ್ದೂ ಎರಡು ಬಾವುಟ ಎತ್ತಿ ಬೀಸಿದ.

ಪ್ರತಾಪನನ್ನು ಹೆಗಲ ಮೇಲೆ ಹೊತ್ತರು. ಕೇಶವನ ಬೆನ್ನನ್ನು ಯಾರೋ ತಟ್ಟಿ ಮುಂದೆ ಓಡಿದರು. ವ್ಯಾನಿನ ಹತ್ತಿರ ಪ್ರತಾಪ ಮುಂದಿನ ಬಾಗಿಲು ತೆಗೆದು ನಿಂತಿದ್ದ.

“ಇವತ್ತು ನೀವೇ ಮುಂದೆ ಅಂಕಲ್. ನೋ ಆರ್ಗ್ಯುಮೆಂಟ್.” ಆಮೇಲೆ ಬಗ್ಗಿ ದನಿ ತಗ್ಗಿಸಿದ. ಗ್ರೆಗ್ ಪಕ್ಕದಲ್ಲೇ ಇದ್ದರೂ ಕನ್ನಡ ಅವನಿಗೆಲ್ಲಿ ಬರಬೇಕು? “ಪೋಸ್ಟ್‌ಗೆ ಟಚ್ ಆಯ್ತಲ್ವಾ? ಬಾಲ್ ಟರ್ನ್ ಆಗಿದ್ದು ನಾನ್ ನೋಡ್ದೆ. ಏನೇ ಹೇಳಿ, ನಮ್ಮೋರಿಗೆ ನಮ್ಮೋರೇ ಆಗೋದು.”

“ಹತ್ತಪ್ಪಾ ಹಿಂದೆ, ಲೇಟಾಯ್ತು,” ಎಂದ ಕೇಶವ.

ಸೀಟನ್ನು ಪ್ರತಾಪನ ಕಾಲಿಗೆಂದು ಪೂರ್ತಿ ಹಿಂದಕ್ಕೆ ತಳ್ಳಿಟ್ಟಿದ್ದರು. ಮುಂದೆ ಎಳೆದರೆ ಬರಲಿಲ್ಲ. ತಿಂಗಳುಗಟ್ಟಲೆ ಕನವರಿಸಿದ ಜಾಗದಲ್ಲಿ, ಒರಗಲೂ ಆಗದೆ ನೆಟ್ಟಗೆ ಕೂರಲೂ ಆಗದೆ, ಯಿಶುನ್ ತನಕ ಬಂದ.

ರೇಣುಕಾ ಬಾಗಿಲಲ್ಲೇ ಕೇಳಿದಳು. “ಗೆದ್ರಾ?”

“ಹೂಂ.”

“ಲಾಸ್ಟ್ ಗೋಲ್ ಯಾರು, ಪ್ರತಾಪ್ ಹೊಡೆದ್ನಾ?”

“ಇಲ್ಲ. ನಾನು ಹೊಡ್ದೆ.”

ಅವಳು ತಮಾಷೆ ಎಂದುಕೊಂಡು ನಕ್ಕಳು. ಕೇಶವ ಕೋಟನ್ನು ಬಕೆಟ್ಟಿಗೆ ತುರುಕಿ ನೀರು ಬಿಟ್ಟ. ನೀಲಿ ಹಾಕಲಿಲ್ಲ. ಮುಂದಿನ ಸೀಸನ್ನಿಗೆ ಗ್ರೆಗ್ ಕರೆದಾಗ ಮಂಡಿ ನೋವು ಎಂದ. ಮಂಡಿಗೆ ಏನೂ ಆಗಿರಲಿಲ್ಲ.