ಉಪ್ಪನ ಬಲ ಮೊಣಕೈ

ಅರಬಿಯಲ್ಲಿ ಮೃದುವಾಗಿ ನಡೆದುಕೊಳ್ಳುವುದಕ್ಕೆ ‘ರಿಫ್ಕ್’ ಎನ್ನುತ್ತಾರೆ, ಮೊಣಕೈಗೆ ‘ಮಿರ್ಫಕ್’. ಎರಡೂ ಒಂದೇ ಧಾತುವಿನವು. ಮೊಣಕೈ ಎಂದರೆ ಒರಗಲು ಆಸರೆಯಾಗುವುದು. ಇದನ್ನು ಹೇಳಿಕೊಟ್ಟವರು ಉಪ್ಪ, ನನ್ನ ತಂದೆ. ಪುತ್ತೂರಿನ ಕಡೆಯವರು, ಮಟ್ಟಾಂಚೇರಿಯಲ್ಲಿ ಅರಬಿ ಕಲಿಸಿ ನಿವೃತ್ತರಾಗಿ ಅಲ್ಲೇ ನೆಲೆಸಿದ್ದರು.

ಪಾರ್ಶ್ವವಾಯು ಬಡಿದ ಮೇಲೆ ಅವರ ಬಲ ಮೊಣಕೈ ಮಡಚಿದ್ದು ಮಡಚಿದಂತೆಯೇ ಉಳಿಯಿತು. ತಿರುವನಂತಪುರಕ್ಕೆ, ಪಟ್ಟಂನ ನನ್ನ ಫ್ಲ್ಯಾಟಿಗೆ ಕರೆತಂದೆ. ಉಳ್ಳೂರಿನ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಆ ಕೈ ಹಿಡಿದಾಗಲೆಲ್ಲ ಉಪ್ಪ ಕೂಗಿಕೊಳ್ಳುತ್ತಿದ್ದರು.

“ಅವಳಿಗೆ ಮಿರ್ಫಕ್ ಮಾತ್ರ ಗೊತ್ತುಂಟು ಮಾರಾಯ, ರಿಫ್ಕ್ ಗೊತ್ತಿಲ್ಲ,” ಎಂದರು ಒಮ್ಮೆ, ಆಟೋದಲ್ಲಿ. ಸ್ವಲ್ಪ ದೂರ ಹೋದ ಮೇಲೆ, “ಸತ್ತ ಮೇಲೆ ನನ್ನನ್ನು ನೀನೇ ಮೀಯಿಸು. ಬೇರೆಯವರಿಗೆ ಅವಸರ ಇರ್ತದೆ.”

“ನನ್ನಿಂದ ಆಗ್ಲಿಕ್ಕಿಲ್ಲ ಉಪ್ಪ.”

“ಆಗ್ತದೆ. ಈ ಕೈ ಮಾತ್ರ ಎಳೀಬೇಡ.”

ಆ ಮಳೆಗಾಲದಲ್ಲೇ, ಅದೇ ಆಸ್ಪತ್ರೆಯಲ್ಲಿ ತೀರಿಹೋದರು. ಉಸಿರು ನಿಂತ ಕೂಡಲೇ ಕಣ್ಣು ಮುಚ್ಚಿ, ಗದ್ದಕ್ಕೆ ಬಟ್ಟೆ ಕಟ್ಟಿ, ದೇಹ ಬಿಗಿಯುವ ಮೊದಲು ಕೀಲುಗಳನ್ನು ನಿಧಾನವಾಗಿ ಮಡಚಿ ಬಿಡಿಸುವುದು ನಮ್ಮ ಕ್ರಮ. ಅದಕ್ಕೆ ‘ತಲ್ಯೀನ್’ ಎಂದು ಹೆಸರು. ಮೆದು ಎಂಬರ್ಥದ ‘ಲೀನ್’ನಿಂದ ಬಂದದ್ದು, ಮೆತ್ತಗಾಗಿಸುವುದು. ಎಡಗೈ, ಮಂಡಿಗಳು, ಬೆರಳುಗಳು, ಎಲ್ಲವನ್ನೂ ಮಾಡಿದೆ. ಬಲಗೈಯನ್ನು ಮುಟ್ಟಿ, ಬಿಟ್ಟುಬಿಟ್ಟೆ.

ಆಂಬುಲೆನ್ಸ್ ಮಟ್ಟಾಂಚೇರಿ ತಲುಪುವಷ್ಟರಲ್ಲಿ ಅವರು ಮರದಂತಾಗಿದ್ದರು. ಮಸೀದಿಯ ಹಿಂದಿನ ಕೋಣೆಯಲ್ಲಿ ಚಿಕ್ಕಪ್ಪ, ನಾನು, ಮೀಯಿಸುವ ಕೆಲಸ ಬಲ್ಲ ಒಬ್ಬ ಮುದುಕರು. ಮುದುಕರು ನೀರಿನ ಬಿಸಿಯನ್ನು ತಮ್ಮ ಮೊಣಕೈ ಅದ್ದಿ ನೋಡಿದರು, ಹಸುಗೂಸಿಗೆ ನೋಡುವ ಹಾಗೆ.

“ಕೈ ಹೀಗಿದ್ದರೆ ಕಫನ್ ಬಟ್ಟೆ ಸರಿ ಕೂರುವುದಿಲ್ಲ,” ಎಂದರು ಚಿಕ್ಕಪ್ಪ. “ಸ್ವಲ್ಪ ಒತ್ತು.”

“ಬೇಡ ಚಿಕ್ಕಪ್ಪ.”

“ಅವರಿಗೆ ಇನ್ನು ನೋವುಂಟಾ?”

ನನಗೆ ಗೊತ್ತಿರಲಿಲ್ಲ. ಆದರೂ ಒತ್ತಲು ಬಂದ ಚಿಕ್ಕಪ್ಪನ ಕೈಗೂ ಆ ಮೊಣಕೈಗೂ ನಡುವೆ ನನ್ನ ಅಂಗೈ ಇಟ್ಟೆ. ಚಿಕ್ಕಪ್ಪ ಕೈ ಹಿಂದೆಗೆದು, ಗೋಡೆಯ ಕಡೆಗೆ ತಿರುಗಿ ಅತ್ತರು. ಮುದುಕರು ನನಗೆ ಚೊಂಬು ಕೊಟ್ಟು, “ಮೆಲ್ಲೆ, ಮೋನೇ,” ಎಂದರು, ಸ್ವಂತ ಮಗನನ್ನು ಕರೆಯುವ ಹಾಗೆ. ಮೊಣಕೈಯ ಮಡಿಕೆಯೊಳಗೆ ಒಂದೇ ಬೆರಳಿನಿಂದ ನೀರು ಇಳಿಸಿದೆ.

ಸುತ್ತಿದ ಬಿಳಿ ಕಫನ್ ಒಂದು ಕಡೆ ಉಬ್ಬಿಯೇ ಇತ್ತು. ಗೋರಿಯಲ್ಲಿ ಬಲಮಗ್ಗುಲಿಗೆ ಮಲಗಿಸಬೇಕು; ಆ ಮೊಣಕೈಯೇ ಕೆಳಗೆ ಬರುತ್ತದೆ. ಅವರನ್ನು ಇಳಿಸುವ ಮೊದಲು ನಾನು ಗುಂಡಿಗಿಳಿದೆ. ಮೊಣಕೈ ತಗಲುವ ಜಾಗದ ಒದ್ದೆ ಮಣ್ಣನ್ನು ಉಗುರುಗಳಿಂದ ಕೆದಕಿ, ಸಡಿಲ ಮಾಡಿದೆ. ಮೇಲೆ ನಿಂತವರು ಕಾದರು.