ಉಳಿಸಿಟ್ಟ ಕೊನೆಯ ಕಂತು

ನಮ್ಮ ಮಯೂರ್ ವಿಹಾರದ ಮೆಟ್ಟಿಲುಗಳ ತುಂಬ ಸದಾ ಸಾಸಿವೆ ಎಣ್ಣೆಯ ಘಾಟು. ಮೊನ್ನೆ ಶನಿವಾರ ತರಕಾರಿ ಚೀಲ ಹಿಡಿದು ಮೇಲೆ ಹತ್ತುತ್ತಿದ್ದಾಗ, ಯಾರ ಮನೆಯಿಂದಲೋ, ತೆಂಗಿನೆಣ್ಣೆಯಲ್ಲಿ ಹಲಸಿನ ಹಪ್ಪಳ ಕರಿಯುವ ವಾಸನೆ ಬಂತು. ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದೆ ನೀರಿನ ಕ್ಯಾನು ಹೊತ್ತು ಬರುತ್ತಿದ್ದ ಭಯ್ಯಾ "ಮೇಡಂ, ಚಲಿಯೇ ನಾ" ಎಂದು ಗೊಣಗಿದ. ನನಗೆ ಮಾತ್ರ ಮೇಲಿನ ಮನೆಯ ದೊಡ್ಡಮ್ಮನ ನೆನಪು ಬಂದಿತ್ತು…

ದೊಡ್ಡಮ್ಮ ಎಂದರೆ ನೆಂಟರೇನಲ್ಲ. ಉಡುಪಿ ಕಡೆಯವರು. ಗಂಡ ಜನಕಪುರಿಯಲ್ಲಿ ಹೋಟೆಲು ಇಟ್ಟಿದ್ದರಂತೆ. ಅವರು ಹೋದ ಮೇಲೆ ಮಗ ನಡೆಸುತ್ತಿದ್ದ. ಮೊಮ್ಮಕ್ಕಳು ಅಜ್ಜಿಯ ಕನ್ನಡಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದರು. ನಾನು ದಾವಣಗೆರೆಯವಳು, ಕೆಳಗಿನ ಮನೆಯಲ್ಲಿ ಒಬ್ಬಳೇ ಬಾಡಿಗೆಗೆ ಇದ್ದೆ. ಕನ್ನಡದ ಹಸಿವು ಇಬ್ಬರಿಗೂ ಇತ್ತು. ಹಾಗಾಗಿ ಶನಿವಾರ ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ದೊಡ್ಡಮ್ಮ, ಹಪ್ಪಳದ ತಟ್ಟೆಗೆ ಸೆರಗು ಮುಚ್ಚಿಕೊಂಡು ಇಳಿದು ಬರುತ್ತಿದ್ದರು.

ಒಂದು ಶನಿವಾರ ನಾನು ಟಿವಿಯಲ್ಲಿ ಬಾಹ್ಯಾಕಾಶದ ಧಾರಾವಾಹಿ ಹಾಕಿಕೊಂಡು ಕೂತಿದ್ದೆ. ಭೂಮಿ ಬಿಟ್ಟು ಹೊರಟ ನೌಕೆಯೊಂದು ದಾರಿ ತಪ್ಪಿ, ಮತ್ತೆ ಮನೆ ಸೇರಲು ಹೆಣಗುವ ಕಥೆ. ಪೂರಾ ಇಂಗ್ಲಿಷು. ಆರಿಸಲು ಹೋದರೆ ದೊಡ್ಡಮ್ಮ ಬಿಡಲಿಲ್ಲ. "ಇರಲಿ ಮಾರಾಯ್ತಿ. ಎಂತ ಅಂತ ನೀನು ಹೇಳು." ಹೇಳಿದೆ. ಮುಗಿಯಿತು ನನ್ನ ಕಥೆ! ಅಲ್ಲಿಂದ ಮುಂದೆ ಸೀಸನ್ ಮೇಲೆ ಸೀಸನ್, ಪ್ರತಿ ಮಾತಿಗೂ ರಿಮೋಟ್ ಒತ್ತಿ ನಿಲ್ಲಿಸುವುದು, ಅವರ ಕಡೆ ತಿರುಗಿ ಕನ್ನಡದಲ್ಲಿ ಹೇಳುವುದು, ಮತ್ತೆ ಒತ್ತುವುದು. ಒಂದು ಕಂತು ಮುಗಿಯುವಷ್ಟರಲ್ಲಿ ನನ್ನ ಬಾಯಿ ಒಣಗಿ ಹಪ್ಪಳವೂ ಇಳಿಯುತ್ತಿರಲಿಲ್ಲ.

ನೌಕೆಯ ಕ್ಯಾಪ್ಟನ್ ಒಬ್ಬ ನರೆಗೂದಲಿನ ಹೆಂಗಸು. ದೊಡ್ಡಮ್ಮ ಅವಳಿಗೆ 'ಡ್ರೈವರಮ್ಮ' ಎಂದು ಹೆಸರಿಟ್ಟರು. ನಾನು ಗುರುತ್ವಾಕರ್ಷಣೆ, ಕಪ್ಪು ರಂಧ್ರ ಎಂದೆಲ್ಲ ಬಡಬಡಿಸುತ್ತಿದ್ದರೆ ಅವರ ಚಿಂತೆಯೇ ಬೇರೆ.

"ಅದೆಲ್ಲ ಇರಲಿ. ಆ ಹೆಂಗಸು ಒಂದು ಸಲವಾದ್ರೂ ಕೂತು ಉಂಡದ್ದು ನೋಡಿದ್ದೀಯಾ ನೀನು? ಹಡಗಿನವರಿಗೆಲ್ಲ ಹಂಚ್ತಾಳೆ. ಅವಳ ಹೊಟ್ಟೆಗೆ ಎಂತ ಉಂಟು?"

"ಕಥೇಲಿ ಅದನ್ನೆಲ್ಲ ತೋರಿಸಲ್ಲ ದೊಡ್ಡಮ್ಮ."

"ಹಾಗಾದ್ರೆ ಅದೆಂಥ ಕಥೆ!"

ನನಗೆ ನಗು. ಆದರೆ ಒಮ್ಮೆ ಅವರೇ ಹೇಳಿದ್ದರು, ಹೋಟೆಲಿನವರ ಮನೆ ಹೆಂಗಸು ನಿಂತುಕೊಂಡೇ ಉಂಡು ಕೈ ತೊಳೆಯುವವಳು ಎಂದು. ಎಲ್ಲರದೂ ಆಗಬೇಕು, ಆಮೇಲೆ ಉಳಿದದ್ದು. ಅದಾದ ಮೇಲೆ ಡ್ರೈವರಮ್ಮನ ಊಟದ ವಿಚಾರ ಬಂದರೆ ನಾನು ವಾದ ಮಾಡುತ್ತಿರಲಿಲ್ಲ.

ಕೊನೆಯ ಸೀಸನ್ ವಾರಕ್ಕೊಂದು ಕಂತಿನಂತೆ ಬಂತು. ಆ ಹೊತ್ತಿಗೆ ದೊಡ್ಡಮ್ಮನಿಗೆ ಮೆಟ್ಟಿಲು ಇಳಿದರೆ ಏದುಸಿರು. ಹೃದಯದ ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಆಸ್ಪತ್ರೆಗೆ ಸೇರುವ ಹಿಂದಿನ ದಿನವೇ ಕೊನೆಯ ಕಂತು ಬಂದಿತ್ತು. ಗುರುಗ್ರಾಮದ ಆಫೀಸಿಗೆ ರಜೆ ಹಾಕಿ ರಿಮೋಟ್ ಹಿಡಿದು ಕಾದೆ. ದೊಡ್ಡಮ್ಮ ಬಂದರು, ಮೂಲೆಯ ಕುರ್ಚಿಯಲ್ಲಿ ಕೂತರು, ಸುಧಾರಿಸಿಕೊಂಡು "ಇವತ್ತು ಬೇಡ" ಅಂದರು.

"ಅಯ್ಯೋ! ಇಷ್ಟು ವರ್ಷ ಕಾದು ಈಗ ಬೇಡ ಅಂದ್ರೆ ಹೇಗೆ?"

"ಅಕ್ಕಿ ಡಬ್ಬ ಪೂರಾ ಬರಿದು ಮಾಡ್ತೀಯಾ ನೀನು? ತಳದಲ್ಲಿ ಒಂದು ಮುಷ್ಟಿ ಬಿಡ್ತೀಯಲ್ಲ, ಹಾಗೆ ಇದೊಂದು ಇರಲಿ. ವಾಪಸ್ ಬಂದು ನೋಡುವ."

ನನ್ನ ಅಮ್ಮನದೂ ಅದೇ ಶಾಸ್ತ್ರ. ಡಬ್ಬದ ತಳ ಕಾಣಬಾರದು. ಕಂಡರೆ ಮನೆಗೆ ಮತ್ತೆ ಅಕ್ಕಿ ಬರುವುದಿಲ್ಲ. ಆದರೆ ಅದನ್ನು ಧಾರಾವಾಹಿಗೂ ಹಚ್ಚಿದವರನ್ನು ನಾನು ಬೇರೆ ಕಂಡಿಲ್ಲ. ಒಳಗೊಳಗೇ ಸಿಟ್ಟು ಬಂದರೂ ಒಪ್ಪಿದೆ. ಅವರಿಲ್ಲದೆ ನೋಡುವುದಿಲ್ಲ ಎಂದು ಕೈ ಮೇಲೆ ಕೈ ಇಡಿಸಿಕೊಂಡು ಭಾಷೆ ತೆಗೆದುಕೊಂಡರು. ಭಾಷೆ ಕೊಟ್ಟ ಮೇಲೂ ನನ್ನ ಕೈ ಬಿಡಲಿಲ್ಲ. ಅವರು ಹೆದರಿದ್ದಾರೆ, ಮನೆಗೆ ವಾಪಸ್ ಬರಲು ಒಂದು ನೆಪ ಉಳಿಸಿಟ್ಟು ಹೋಗುತ್ತಿದ್ದಾರೆ ಎಂದು ಆಗ ನನಗೆ ತಿಳಿಯಿತು.

ನಾನೂ ಮಾತು ಉಳಿಸಿಕೊಂಡೆ. ಆಫೀಸಿಗೆ ಹೋಗುವ ಕ್ಯಾಬ್‌ನಲ್ಲಿ ಯಾರಾದರೂ ಆ ಕಂತಿನ ಬಗ್ಗೆ ಬಾಯಿ ತೆರೆದರೆ ಸಾಕು, ಎರಡೂ ಕಿವಿಗೆ ಇಯರ್‌ಫೋನ್ ತುರುಕಿಕೊಳ್ಳುತ್ತಿದ್ದೆ. ಇವಳಿಗೆ ತಲೆ ಕೆಟ್ಟಿದೆ ಎಂದು ನಕ್ಕರು. ನಗಲಿ ಬಿಡಿ.

ಆಪರೇಷನ್ ಆಯಿತು. ದೊಡ್ಡಮ್ಮ ಮಾತ್ರ ಚೇತರಿಸಿಕೊಳ್ಳಲಿಲ್ಲ… ನೋಡಲು ಹೋದಾಗ ನನ್ನನ್ನು ಹತ್ತಿರ ಕರೆದರು. ದನಿ ಬಹಳ ಸಣ್ಣದಾಗಿತ್ತು.

"ಡ್ರೈವರಮ್ಮ ಊರು ಮುಟ್ಟಿದಳಾ?"

"ನಾನು ನೋಡಿಲ್ಲ ದೊಡ್ಡಮ್ಮ. ನೀವು ಮನೆಗೆ ಬನ್ನಿ, ಒಟ್ಟಿಗೆ ನೋಡೋಣ."

ಅವರು ನಕ್ಕರು. ನನ್ನ ಕೈ ಹಿಡಿದು ಮೆಲ್ಲಗೆ ತಟ್ಟಿದರು. "ನೀನು ನೋಡಿಬಿಡು. ಅಕ್ಕಿ ಬಹಳ ದಿನ ಇಟ್ರೆ ಹುಳ ಹಿಡೀತದೆ."

ಅಂದು ಅವರೇ ಮೊದಲು ಕೈ ಬಿಟ್ಟರು. ಇನ್ನು ಬರುವುದಿಲ್ಲ ಎಂದು ಅವರಿಗೇ ಗೊತ್ತಾಗಿತ್ತು. ಹೊರಗೆ ಬಂದು ಲಿಫ್ಟಿನ ಪಕ್ಕ ನಿಂತು, ಯಾರು ನೋಡಿದರೂ ನೋಡಲಿ ಎಂದು ಬಿಕ್ಕಿ ಬಿಕ್ಕಿ ಅತ್ತೆ. ಆ ವಾರವೇ ಅವರು ಹೋದರು.

ನೋಡು ಎಂದು ಅವರೇ ಹೇಳಿದ್ದರೂ ನನಗೆ ಆಗಲಿಲ್ಲ. ಮಗನ ಸಂಸಾರ ಮನೆ ಬದಲಿಸಿತು. ಮೇಲಿನ ಮನೆಗೆ ಯಾರು ಯಾರೋ ಬಂದರು, ಹೋದರು. ಟಿವಿ ಹಾಕಿದಾಗಲೆಲ್ಲ ಒಂದು ಕಂತು ಬಾಕಿ ಎಂದು ತೋರಿಸುತ್ತಿತ್ತು. ನಾನು ಬೇರೇನಾದರೂ ಹಾಕಿಕೊಳ್ಳುತ್ತಿದ್ದೆ.

ಮೊನ್ನೆ ಆ ಹಪ್ಪಳದ ವಾಸನೆ ಮನೆಯೊಳಗೂ ಹಿಂದೆಯೇ ಬಂತು. ತರಕಾರಿಯನ್ನು ಬಾಗಿಲ ಬಳಿಯೇ ಬಿಟ್ಟು, ಚಪ್ಪಲಿ ಕಳಚಿ, ಕೊನೆಯ ಕಂತು ಹಾಕಿದೆ. ನೌಕೆ ಭೂಮಿ ಮುಟ್ಟಿತು. ಅಲ್ಲಿ ಡ್ರೈವರಮ್ಮನ ಗುರುತು ಹಿಡಿಯುವವರು ಯಾರೂ ಉಳಿದಿರಲಿಲ್ಲ. ಅವಳು ಕಾಲೆಳೆದುಕೊಂಡು ಒಂದು ಒಲೆಯ ಹತ್ತಿರ ಹೋದಳು. ಅಲ್ಲಿದ್ದ ಮುದುಕನೊಬ್ಬ ನೀನು ಯಾರು ಎಂದೂ ಕೇಳದೆ ಮಣೆ ಸರಿಸಿ, ಬಿಸಿಬಿಸಿ ಗಂಜಿಯಂಥದ್ದೇನೋ ಬಟ್ಟಲಿಗೆ ಬಡಿಸಿ ಕೊಟ್ಟ. ಮಾತಿಲ್ಲ, ಸಂಗೀತವಿಲ್ಲ. ಅವಳು ಉಣ್ಣುವುದನ್ನೇ ಬಹಳ ಹೊತ್ತು ತೋರಿಸಿದರು.

ಅಭ್ಯಾಸಬಲ, ರಿಮೋಟ್ ಒತ್ತಿ ನಿಲ್ಲಿಸಿ ಮೂಲೆಯ ಕುರ್ಚಿಯ ಕಡೆ ತಿರುಗಿದೆ. ಅದರ ಮೇಲೆ ಇಸ್ತ್ರಿಗೆ ಕೊಡಬೇಕಾದ ಬಟ್ಟೆ ರಾಶಿ ಬಿದ್ದಿತ್ತು. ಆದರೂ ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ.

"ಉಂಡಳು ದೊಡ್ಡಮ್ಮ. ಕೂತೇ ಉಂಡಳು."