ಬಲಗಡೆಯ ಹೊಲಿಗೆ

ಎದೆಯ ಗಾಯಕ್ಕೆ ಸಂಕೇತ ಹಾಕಬೇಕಾದರೆ ಐದು ವಿಷಯ ತಿಳಿದಿರಬೇಕು. ಗಾಯ ಎದೆಯ ಮುಂದೋ ಬೆನ್ನ ಕಡೆಯೋ, ಎಡವೋ ಬಲವೋ, ಹರಿದದ್ದೋ ತಿವಿದದ್ದೋ, ಎದೆಗೂಡಿನ ಒಳಕ್ಕೆ ಇಳಿದಿದೆಯೋ ಇಲ್ಲವೋ, ಇದು ಮೊದಲ ಚಿಕಿತ್ಸೆಯೋ ಮುಂದುವರಿದದ್ದೋ. ಇದನ್ನೆಲ್ಲ ನಾನು ಕೇಳುವುದು ಗಾಯಗೊಂಡವರನ್ನಲ್ಲ, ಅವರ ಫೈಲನ್ನು. ನವಿ ಮುಂಬಯಿಯ ಒಂದು ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದೇನೆ, ಒಬ್ಬ ರೋಗಿಯ ಮುಖವನ್ನೂ ನೋಡಿಲ್ಲ. ಡಾಕ್ಟರು ಬರೆದದ್ದನ್ನು ಓದಿ, ಅಕ್ಷರ ಅಂಕಿಗಳ ಸಂಕೇತ ಮಾಡಿ ಕಂಪ್ಯೂಟರಿಗೆ ಹಾಕುವುದು ಕೆಲಸ. ಬರೆದಿಲ್ಲದ್ದು ನಡೆದೇ ಇಲ್ಲ ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಮೈಸೂರಿನ ಅಣ್ಣನಿಗೆ ಇದನ್ನೆಲ್ಲ ವಿವರಿಸಿದಾಗ "ಅಂದ್ರೆ ಗುಮಾಸ್ತೆ ಕೆಲಸ ಅನ್ನು" ಎಂದ. ಒಂದು ವಾರ ಅವನ ಫೋನ್ ಎತ್ತಲಿಲ್ಲ.

ಕಾಮೋಠೆಯ ಮನೆಯಲ್ಲಿ ನಾನೊಬ್ಬಳೇ. ಆಫೀಸಿನಲ್ಲಿ ಮರಾಠಿ, ಟ್ರೈನಿನಲ್ಲಿ ಹಿಂದಿ, ಸ್ಕ್ರೀನಿನ ಮೇಲೆ ಇಂಗ್ಲಿಷು. ಕನ್ನಡ ಬೇಕೆನಿಸಿದರೆ ನನ್ನ ಜೊತೆ ನಾನೇ ಮಾತಾಡಿಕೊಳ್ಳಬೇಕಿತ್ತು. ಆಡುತ್ತಲೂ ಇದ್ದೆ, ಹೆಚ್ಚಿನದು ಬೈಗುಳ. ಹೀಗಿರುವಾಗ ನೆಲಮಹಡಿಯ ಖೋಲಿಗೆ ಕಲಬುರಗಿ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದರು. ಅವನಿಗೆ ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಅವಳಿಗೆ ಮೂವತ್ತು ದಾಟಿರಲಿಲ್ಲ, ಹಿಂದಿ ಬರುತ್ತಿರಲಿಲ್ಲ. ಭಾನುವಾರ ಅವನು ಹೊರಗೆ ಹೋದ ಮೇಲೆ ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಮನೆಗೆ ಹತ್ತಿ ಬರುತ್ತಿದ್ದಳು. ನನ್ನದು ಆಸ್ಪತ್ರೆಯ ಕಾಗದ ಓದುವ ಕೆಲಸ ಎಂದಷ್ಟೇ ಅವಳಿಗೆ ಗೊತ್ತಿತ್ತು.

"ಅಕ್ಕಾರ, ನಿಮ್ಮ ಮಾತು ಟಿವಿಯೊಳಗಿನೋರ ಮಾತಿನಂಗ ಅದ ನೋಡ್ರಿ," ಎನ್ನುತ್ತಿದ್ದಳು. "ನಿನ್ನ ಮಾತು ಅರ್ಧ ನನಗೆ ಅರ್ಥ ಆಗಲ್ಲ ಕಣೇ," ಎಂದು ನಾನೂ ಬಿಡುತ್ತಿರಲಿಲ್ಲ. ನಾನು ಚಾಕುವಿನಲ್ಲಿ ಬೀನ್ಸ್ ಹೆಚ್ಚುವುದನ್ನು ನೋಡಿ ಒಮ್ಮೆ ನಕ್ಕಿದ್ದಳು. "ಚಾಕು ಹಿಡಿಲಾಕ ನನಗ ಬರಂಗಿಲ್ರಿ. ನಮ್ಮ ಮನ್ಯಾಗ ಚಾಕೂನ ಇಲ್ಲ, ಈಳಗಿ ಒಂದಾ."

ಒಂದು ಭಾನುವಾರ ಅವಳು ಬರಲಿಲ್ಲ. ಗೇಟಿನಲ್ಲಿ ಸಿಕ್ಕ ಗಂಡ, "ಊರಿಗಿ ಹೋಗ್ಯಾಳ್ರಿ," ಎಂದ. ಬುಧವಾರ ನನ್ನ ಪಾಲಿಗೆ ಬಂದ ಫೈಲುಗಳ ಪೈಕಿ ಒಂದರಲ್ಲಿ ನಮ್ಮದೇ ಕಟ್ಟಡದ ವಿಳಾಸವಿತ್ತು. ಹೆಸರು, ವಯಸ್ಸು, ಎಲ್ಲ ಅವಳದೇ. ಎದೆಯ ಮುಂಭಾಗ, ಬಲಗಡೆ, ಚಾಕುವಿನಿಂದ ತಿವಿದ ಗಾಯ, ಎದೆಗೂಡಿನ ಒಳಕ್ಕೆ ಹೋಗಿಲ್ಲ. ಹೊಲಿಗೆ ಹಾಕಿ, ಮೂರು ದಿನ ಇರಿಸಿಕೊಂಡು ಮನೆಗೆ ಕಳಿಸಿದ್ದರು. ಕಾರಣದ ಜಾಗದಲ್ಲಿ, ತರಕಾರಿ ಹೆಚ್ಚುವಾಗ ಜಾರಿ ಚಾಕುವಿನ ಮೇಲೆ ಬಿದ್ದದ್ದು. ಹೇಳಿಕೆ ಕೊಟ್ಟವರು ಗಂಡ.

ಪರಿಚಯದವರ ಫೈಲು ಬಂದರೆ ಓದದೆ ಪಕ್ಕದವರಿಗೆ ದಾಟಿಸಬೇಕು, ಅದು ನಿಯಮ. ನಾನು ದಾಟಿಸಲಿಲ್ಲ. ಕೊನೆಯ ಹಾಳೆಯವರೆಗೂ ಓದಿದೆ. ಕಾಳಜಿಯಿಂದ ಓದಿದೆ ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ, ಕುತೂಹಲವೂ ಇತ್ತು.

ಇಲ್ಲದ ಚಾಕುವಿನ ಮೇಲೆ ಅವಳು ಬಿದ್ದದ್ದು ಹೇಗೆ? ಅವಳ ಅಡುಗೆಮನೆ ನನಗೆ ಗೊತ್ತು, ಆದರೆ ಅದನ್ನು ಫೈಲಿನಲ್ಲಿ ಬರೆಯುವ ಹಕ್ಕು ನನಗಿಲ್ಲ. ಡಾಕ್ಟರಿಗೆ ಪ್ರಶ್ನೆ ಕಳಿಸಬಹುದು, ಅದರಲ್ಲೂ ಉತ್ತರವನ್ನು ಅವರ ಬಾಯಿಗೆ ತುರುಕುವಂತಿಲ್ಲ. 'ಗಾಯವಾದ ಬಗೆಯನ್ನು ರೋಗಿಯಿಂದಲೇ ಕೇಳಿ ಬರೆದದ್ದೇ?' ಎಂದಷ್ಟೇ ಕಳಿಸಿದೆ. ರೋಗಿಗೆ ಹಿಂದಿ ಬಾರದು, ಗಂಡ ಹೇಳಿದ್ದನ್ನು ಬರೆದಿದೆ, ಬೇರೇನೂ ಸೇರಿಸುವುದಿಲ್ಲ ಎಂದು ಮಾರನೆಯ ದಿನ ಉತ್ತರ ಬಂತು. ಆಕಸ್ಮಿಕ ಎಂಬ ಸಂಕೇತ ಹಾಕಿದೆ. ಫೈಲು ಮುಚ್ಚಿತು. ಅಂದು ಟ್ರೈನಿನಲ್ಲಿ ಸೀಟು ಸಿಕ್ಕರೂ ಕೂರಲು ಮನಸ್ಸಾಗಲಿಲ್ಲ, ನಾನಿಳಿಯುವ ಮಾನಸರೋವರ ಸ್ಟೇಷನ್ ಬರುವವರೆಗೂ ಬಾಗಿಲ ಬಳಿಯೇ ನಿಂತಿದ್ದೆ.

ಒಂದೇ ದಾರಿ ಉಳಿದಿತ್ತು. ಅವಳೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಅವಳ ಜೊತೆ ಡಾಕ್ಟರ ಎದುರು ಕೂತು, ಅವಳ ಮಾತನ್ನು ಹಿಂದಿಗೆ ತಿರುಗಿಸಿ ಬರೆಸಬಹುದು. ಬೇಕಾದರೆ ಪೊಲೀಸ್ ಠಾಣೆಗೂ ಹೋಗಬಹುದು, ನನ್ನ ಮನೆಯಲ್ಲೇ ಇರಿಸಿಕೊಳ್ಳಬಹುದು. ಇನ್ನೊಂದು ಹಾಸಿಗೆಯನ್ನು ಎಲ್ಲಿ ಹಾಸುವುದೆಂದೂ ಯೋಚಿಸಿದ್ದೆ. ಆ ಯೋಚನೆಯಲ್ಲಿ ನನಗೆ ಸ್ವಲ್ಪ ಸಂತೋಷವೂ ಆಗಿತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಮುಂದಿನ ಭಾನುವಾರ ಬಂದಳು, ಬರಿಗೈಯಲ್ಲಿ. ಸೆರಗನ್ನು ಕುತ್ತಿಗೆಯವರೆಗೂ ಹೊದ್ದಿದ್ದಳು. "ಊರಿಗಿ ಹೋಗಿದ್ದೆ ಅಕ್ಕಾರ," ಎಂದಳು. "ಊಟ ಮಾಡ್ಕೊಂಡು ಹೋಗು," ಎಂದೆ. ಅಡುಗೆಮನೆಯ ಬಾಗಿಲಲ್ಲಿ ಕೂತು ನನ್ನ ಅಡುಗೆ ನೋಡುತ್ತಿದ್ದವಳು, ಕೊನೆಗೆ, "ಅಕ್ಕಾರ, ನಿಮಗೊಂದು ಮಾತು ಹೇಳಬೇಕಂತ ಬಂದೀನ್ರಿ," ಎಂದಳು.

ನಾನು ಒಲೆ ಆರಿಸಿದೆ. ಅವಸರ ಮಾಡಬಾರದೆಂದು ಅವಳ ಕಡೆ ತಿರುಗಲಿಲ್ಲ. ಅವಳು ಎದ್ದು ಬಂದಳು. ಕೈಗೆ ಏನಾದರೂ ಕೆಲಸವಿದ್ದರೆ ಹೇಳುವುದು ಸುಲಭ ಎನಿಸಿತೋ ಏನೋ, ಒಲೆಯ ಮೇಲಿನ ದೊಡ್ಡ ಕುಕ್ಕರಿಗೆ ಕೈ ಹಾಕಿದಳು.

"ಬಲಗೈಲಿ ಎತ್ತಬೇಡ ಕಣೇ, ಹೊಲಿಗೆ ಎಳೆಯುತ್ತೆ."

ಎಡವೋ ಬಲವೋ ಎಂದು ಹನ್ನೊಂದು ವರ್ಷ ಹುಡುಕಿದ ನಾಲಿಗೆ ನನ್ನದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ದಿನಕ್ಕೆರಡು ಸಲ ಹೇಳುತ್ತಿದ್ದಳು, ಕಿವಿಗೆ ಹಾಕಿಕೊಂಡವರು ಯಾರು?

ಅವಳು ಕುಕ್ಕರಿನಿಂದ ಕೈ ತೆಗೆದಳು. "ಯಾವ ಹೊಲಿಗಿ, ಅಕ್ಕಾರ?"

ನಾನು ಕುಕ್ಕರನ್ನು ನನ್ನ ಕಡೆಗೆ ಎಳೆದುಕೊಂಡೆ.

"ದವಾಖಾನಿ ಕಾಗದ ಓದೀರೇನು?"

"ನನ್ನ ಕೆಲಸ ಅದೇ ಅಲ್ವಾ," ಎಂದೆ. ಇದಕ್ಕಿಂತ ದಡ್ಡ ಉತ್ತರ ಇನ್ನೊಂದಿಲ್ಲ. "ಯಾರಿಗೂ ಹೇಳಿಲ್ಲ. ಏನಾಯ್ತು ಅಂತ ನೀನೇ ಹೇಳು."

"ಓದಿ ಎಲ್ಲಾ ಗೊತ್ತಿಟ್ಕೊಂಡು, ಈಟೊತ್ತು ಸುಮ್ ಕುಂತಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಕಾಗದದಾಗ ಏನಂತ ಬರದಾರ್ರಿ?"

"ಜಾರಿ ಚಾಕು ಮೇಲೆ ಬಿದ್ದೆ ಅಂತ."

"ಹಂಗಾದ್ರ ಅದಾ ಖರೆ," ಎಂದಳು. ಊಟ ಮಾಡದೆ ಇಳಿದು ಹೋದಳು. ಒಬ್ಬರು ಓದಿದ್ದರೆ ಹತ್ತು ಮಂದಿ ಓದಿರುತ್ತಾರೆ, ಹತ್ತು ಮಂದಿಗೆ ಗೊತ್ತಾದದ್ದು ಗಂಡನ ಕಿವಿಗೂ ಬೀಳುತ್ತದೆ ಎಂದು ಅವಳು ಹೆದರಿರಬೇಕು. ಅದನ್ನು ತಪ್ಪು ಎನ್ನಲಾರೆ.

ಎರಡು ಭಾನುವಾರ ಬಾಗಿಲು ತೆರೆದಿಟ್ಟು ಕಾದೆ. ಎರಡು ಸಲ ಕೆಳಗೆ ಹೋಗಿ ತಟ್ಟಿದೆ, ಅವಳು ತೆಗೆಯಲಿಲ್ಲ. ಆಮೇಲೊಂದು ಸಂಜೆ ಶೇರ್ ಆಟೊ ಇಳಿದು ಬರುವಾಗ ಗೇಟಿನ ಬಳಿ ಎದುರಾದಳು. ಅವಳ ಜೊತೆ ಗಂಡ ಇರಲಿಲ್ಲ, ಅಕ್ಕಪಕ್ಕ ಯಾರೂ ಇರಲಿಲ್ಲ.

"ಹೇಗಿದ್ದೀಯೇ?" ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. ಒಂದೊಂದೇ ಹಿಂದಿ ಮಾತು ಹುಡುಕಿ ತೆಗೆದು, "ಮೈ ಠೀಕ್ ಹೈ, ಮೇಡಂ," ಎಂದಳು.